ಬಿಡುಗಡೆಯ ಕಥೆಯಲ್ಲಿ ಮರೆತ ಪುಟಗಳು

ಪ್ರತಿಯೊಂದು ರಾಷ್ಟ್ರವೂ ತನ್ನ ಹುಟ್ಟಿನ ಕಥೆಯನ್ನು ಕ್ರಮೇಣ ಪುರಾಣವಾಗಿಸಿಕೊಳ್ಳುತ್ತದೆ. ಅಮೆರಿಕದ ಸ್ವಾತಂತ್ರ್ಯಸಮರವೂ ಇದಕ್ಕೆ ಹೊರತಲ್ಲ. ನೇಗಿಲು ಬಿಟ್ಟು ಕೋವಿ ಹಿಡಿದ ರೈತರು ತಮ್ಮ ತೋಳ್ಬಲವೊಂದರಿಂದಲೇ ಮಹಾಸಾಮ್ರಾಜ್ಯವನ್ನು ಮಣಿಸಿದರು. ಫ್ರಾನ್ಸು ಸ್ವಾತಂತ್ರ್ಯಪ್ರೇಮದಿಂದ ಕೈನೀಡಿತು. ಹೊಸ ನಾಡಿನ ರಾಯಭಾರಿಗಳು ಕಪಟವರಿಯದ ಸರಳಜೀವಿಗಳು: ನಾವು ಬಾಲ್ಯದಲ್ಲಿ ಓದಿದ್ದು ಇಷ್ಟು. ಇದರಲ್ಲಿ ದಿಟವೆಷ್ಟು, ಹಂಬಲವೆಷ್ಟು?

ಮೊದಲು ತೋಳ್ಬಲದ ಮಾತು. 1776ರ ಜುಲೈ 4ರ ಘೋಷಣೆಗೆ ಎರಡು ತಿಂಗಳ ಮೊದಲೇ ಹದಿನಾರನೆಯ ಲೂಯಿ ಹತ್ತು ಲಕ್ಷ ಲಿವ್ರ್ ಹಣವನ್ನು ಗುಟ್ಟಾಗಿ ಮಂಜೂರು ಮಾಡಿದ್ದನು. ಸ್ಪೇನು ಅಷ್ಟನ್ನೇ ಕೊಟ್ಟಿತು. ಪ್ರಸಿದ್ಧ ನಾಟಕಕಾರ ಬೋಮಾರ್ಶೆ ಸುಳ್ಳು ಹೆಸರಿನ ವರ್ತಕ ಮಂಡಳಿಯೊಂದನ್ನು ಹೂಡಿ ಬಂದೂಕು, ಮದ್ದು, ಫಿರಂಗಿಗಳನ್ನು ಸಾಗಿಸಿದನು. 1777ರ ಸಾರಟೋಗದ ಗೆಲುವಿನಲ್ಲಿ ಈ ಸರಕಿನ ಪಾಲು ಚಿಕ್ಕದಲ್ಲ. 1781ರ ಅಕ್ಟೋಬರ್ 19ರಂದು ಯಾರ್ಕ್‌ಟೌನಿನಲ್ಲಿ ಕಾರ್ನ್‌ವಾಲಿಸನ ಸೇನೆ ಶರಣಾದಾಗ, ನಾವಿಕರನ್ನೂ ಲೆಕ್ಕಕ್ಕೆ ಹಿಡಿದರೆ ಅಲ್ಲಿ ಅಮೆರಿಕನ್ನರಿಗಿಂತ ಫ್ರೆಂಚರೇ ಹೆಚ್ಚಾಗಿದ್ದರು. ಸಮುದ್ರದ ದಾರಿಯನ್ನು ಕಟ್ಟಿಹಾಕಿದ್ದು ಅವರ ಹಡಗುಗಳೇ.

ಇನ್ನು ಪ್ರೇಮದ ಮಾತು. ಪ್ರಜೆಗಳ ಹಕ್ಕುಗಳನ್ನು ತನ್ನ ನಾಡಿನಲ್ಲೇ ಒಪ್ಪದ ನಿರಂಕುಶ ದೊರೆಗೆ ಪರರ ಸ್ವಾತಂತ್ರ್ಯದ ಮೇಲೆ ಒಲವೆಲ್ಲಿಯದು? 1763ರಲ್ಲಿ ಕೆನಡವನ್ನು ಕಳೆದುಕೊಂಡ ಅಪಮಾನ ಫ್ರಾನ್ಸನ್ನು ಸುಡುತ್ತಿತ್ತು. 1778ರ ಫೆಬ್ರವರಿ 6ರ ಮೈತ್ರಿಯ ಬೇರು ಆ ಹಗೆಯಲ್ಲಿದೆ. ಸೇಡಿಗಾಗಿ ಮಾಡಿದ ಸಾಲ ಬೊಕ್ಕಸವನ್ನು ಬರಿದುಮಾಡಿತು. 1789ರ ಕ್ರಾಂತಿಗೆ ದಾರಿಮಾಡಿದ ಕಾರಣಗಳಲ್ಲಿ ಅದೂ ಒಂದು. 1793ರಲ್ಲಿ ಆ ದೊರೆಯ ತಲೆಯೇ ಉರುಳಿತು.

ಮೂರನೆಯದು ರಾಯಭಾರಿಗಳ ಸರಳತೆ. ಒಬ್ಬರನ್ನು ಬಿಟ್ಟು ಒಬ್ಬರು ಇಂಗ್ಲೆಂಡಿನೊಡನೆ ಸಂಧಿ ಮಾಡಬಾರದೆಂಬುದು ಮೈತ್ರಿಯ ಕರಾರು. ಆದರೂ 1782ರ ನವೆಂಬರ್ 30ರಂದು ಫ್ರಾಂಕ್ಲಿನ್, ಆಡಮ್ಸ್, ಜೇ ಮೊದಲಾದವರು ಫ್ರೆಂಚ್ ಮಂತ್ರಿ ವರ್ಜೆನ್ನನ ಸಮ್ಮತಿ ಕೇಳದೆಯೇ ಇಂಗ್ಲಿಷರ ಜೊತೆ ಪ್ರಾಥಮಿಕ ಒಪ್ಪಂದಕ್ಕೆ ಸಹಿಮಾಡಿದರು. ಫ್ರಾನ್ಸಿನ ಸಂಧಿಯಾಗುವ ತನಕ ಅದು ಜಾರಿಗೆ ಬಾರದೆಂಬ ಮಾತನ್ನು ಸೇರಿಸಿ ಅಕ್ಷರಕ್ಕೆ ಭಂಗವಾಗದಂತೆ ನೋಡಿಕೊಂಡರು. ಮಂತ್ರಿ ಆಕ್ಷೇಪಿಸಿದಾಗ, ಇದು ಮರ್ಯಾದೆಯಲ್ಲಾದ ಲೋಪವಷ್ಟೇ ಎಂದು ಫ್ರಾಂಕ್ಲಿನ್ ನಯವಾಗಿ ಬರೆದನು. ಮೇಲೆ ಅರುವತ್ತು ಲಕ್ಷ ಲಿವ್ರ್ ಹೊಸ ಸಾಲವನ್ನೂ ಪಡೆದನು! ಚಾಣಕ್ಯನ ನಾಡಿನವರಾದ ನಾವು ಈ ಜಾಣ್ಮೆಗೆ ತಲೆದೂಗಬಹುದು. ಮುಗ್ಧತೆಯೆಂದು ಮಾತ್ರ ಕರೆಯಲಾಗದು.

ದೊಡ್ಡವರ ಸಂಧಿಯ ಭಾರವನ್ನು ಹೊತ್ತವರು ಬೇರೆಯವರು. 1783ರ ಪ್ಯಾರಿಸ್ ಒಪ್ಪಂದವು ಮಿಸಿಸಿಪ್ಪಿಯವರೆಗಿನ ನೆಲವನ್ನು ಹೊಸ ರಾಷ್ಟ್ರಕ್ಕೆ ಒಪ್ಪಿಸಿತು. ಆ ನೆಲದಲ್ಲಿ ಬಾಳುತ್ತಿದ್ದ ಮೂಲನಿವಾಸಿಗಳ ಬಗ್ಗೆ ಅದರಲ್ಲಿ ಒಂದು ಮಾತೂ ಇಲ್ಲ. ನಮ್ಮ ಮೈಸೂರಿಗೂ ಈ ಕಥೆಯ ಬಿಸಿ ತಟ್ಟಿತು. 1782ರಲ್ಲಿ ಫಿಲಡೆಲ್ಫಿಯದವರು ತಮ್ಮ ಯುದ್ಧನೌಕೆಯೊಂದಕ್ಕೆ ಹೈದರಾಲಿಯ ಹೆಸರಿಟ್ಟು ಹಿಗ್ಗಿದ್ದುಂಟು. ಆದರೆ ಮರುವರ್ಷ ಟಿಪ್ಪು ಮಂಗಳೂರಿನ ಕೋಟೆಯನ್ನು ಮುತ್ತಿದ್ದಾಗ, ಯೂರೋಪಿನಲ್ಲಿ ಸಂಧಿಯಾಯಿತೆಂಬ ಸುದ್ದಿ ಬಂದೊಡನೆ ಫ್ರೆಂಚ್ ತುಕಡಿ ಯುದ್ಧದಿಂದ ಹಿಂದೆಗೆಯಿತು. ಯಾರ್ಕ್‌ಟೌನಿನಲ್ಲಿ ಸೋತ ಕಾರ್ನ್‌ವಾಲಿಸನೇ 1792ರಲ್ಲಿ ಶ್ರೀರಂಗಪಟ್ಟಣದ ಬಾಗಿಲಿಗೆ ಬಂದು ಅರ್ಧರಾಜ್ಯವನ್ನೂ ಸುಲ್ತಾನನ ಇಬ್ಬರು ಮಕ್ಕಳನ್ನೂ ಪಡೆದನು.

ಇದನ್ನೆಲ್ಲ ಹೇಳಿದಾಗ ತರಗತಿಯಲ್ಲಿ ಹುಡುಗನೊಬ್ಬ ಎದ್ದು, “ಹಾಗಾದರೆ ವಾಷಿಂಗ್ಟನ್ ದೊಡ್ಡವನಲ್ಲವೆ, ಸಾರ್?” ಎಂದು ಕೇಳಿದ. ದೊಡ್ಡವನೇ, ಎಂದೆ. ಸಂಬಳವಿಲ್ಲದ, ಪಾದರಕ್ಷೆಯಿಲ್ಲದ ಪಡೆಯನ್ನು ಎಂಟು ವರ್ಷ ಚೆದುರದಂತೆ ಕಾಯ್ದು, ಗೆದ್ದ ಮೇಲೆ ಅಧಿಕಾರವನ್ನು ಹಿಂದಕ್ಕೊಪ್ಪಿಸಿದವನು ಅವನು. ಅವನ ಹಿರಿಮೆಗೆ ಸುಳ್ಳಿನ ಊರುಗೋಲು ಬೇಡ. ನಮ್ಮ ಹಿರಿಯರ ಕಥೆಯನ್ನು ಓದುವಾಗಲೂ ಈ ಮಾತು ನೆನಪಿರಲಿ: ಪ್ರಶ್ನೆಗೆ ಅಂಜುವ ಭಕ್ತಿ ಹಿರಿಯರಿಗೆ ಸಲ್ಲಿಸುವ ಗೌರವವಲ್ಲ.