ದಂಡಿನ ಪಂಡಿತರೂ ಹೊಸ ವಿಶ್ವಕೋಶವೂ

ವಿಶ್ವಕೋಶವೆಂದೊಡನೆ ನನ್ನ ವಯಸ್ಸಿನವರ ಕಣ್ಣಮುಂದೆ ನಿಲ್ಲುವುದು ದಪ್ಪ ರಟ್ಟಿನ ಸಂಪುಟಗಳ ಸಾಲು. ಮೈಸೂರು ವಿಶ್ವವಿದ್ಯಾನಿಲಯದ ‘ಕನ್ನಡ ವಿಶ್ವಕೋಶ’ದ ಮೊದಲ ಸಂಪುಟ 1969ರಲ್ಲಿ ಹೊರಬಂದಾಗ ನಾನು ಪ್ರೌಢಶಾಲೆಯ ಹುಡುಗ. ತಂದೆಯವರು ಅದನ್ನು ತಂದು, ಕೈತೊಳೆದುಕೊಂಡು ಬಂದ ಹೊರತು ಮುಟ್ಟಕೂಡದೆಂದು ಕಟ್ಟಪ್ಪಣೆ ಮಾಡಿದ್ದರು. ಅಂಥ ಗ್ರಂಥಕ್ಕೆ ಬರೆಯುವವರು ಮಹಾವಿದ್ವಾಂಸರು, ನಾವು ಓದುವವರು ಮಾತ್ರ ಎಂಬ ನಂಬಿಕೆಯಲ್ಲಿಯೇ ನನ್ನ ಅಧ್ಯಾಪಕ ವೃತ್ತಿಯೆಲ್ಲ ಕಳೆಯಿತು.

ಈಗಿನ ವಿಶ್ವಕೋಶಕ್ಕೆ ರಟ್ಟೂ ಇಲ್ಲ, ಬಾಗಿಲೂ ಇಲ್ಲ. 2003ರಲ್ಲಿ ಹುಟ್ಟಿದ ಕನ್ನಡ ವಿಕಿಪೀಡಿಯದಲ್ಲಿ ಯಾರು ಬೇಕಾದರೂ ಬರೆಯಬಹುದು, ಬರೆದದ್ದನ್ನು ಯಾರು ಬೇಕಾದರೂ ತಿದ್ದಬಹುದು. ನಿವೃತ್ತನಾದ ಮೇಲೆ ನನಗೂ ಬರೆಯುವ ಆಸೆಯಾಯಿತು. ಹೋದ ವರ್ಷ ಎರಡು ಕೆಲಸಗಳನ್ನು ಒಟ್ಟಿಗೆ ಕೈಗೆತ್ತಿಕೊಂಡೆ.

ನನ್ನ ತಂದೆಯವರು ದಂಡಿನ ಒಂದು ಶಾಲೆಯಲ್ಲಿ ಕನ್ನಡ ಪಂಡಿತರಾಗಿದ್ದರು. ದಂಡೆಂದರೆ ಈಗಿನ ಹುಡುಗರಿಗೆ ತಿಳಿಯದು. 1809ರಲ್ಲಿ ಬ್ರಿಟಿಷರು ಕಟ್ಟಿದ ಕಂಟೋನ್ಮೆಂಟಿಗೆ ಊರಿನವರು ಹೇಳುತ್ತಿದ್ದ ಹೆಸರು ಅದು. 1949ರಲ್ಲಿ ಪೇಟೆಯೂ ದಂಡೂ ಒಂದೇ ಕಾರ್ಪೊರೇಷನ್ನಿನ ಕೆಳಗೆ ಬಂದುವು. ಆದರೂ ಶಿವಾಜಿನಗರದಿಂದ ಹಲಸೂರಿನವರೆಗೆ ಕಿವಿಗೆ ಬೀಳುತ್ತಿದ್ದುದು ತಮಿಳು, ಉರ್ದು, ತೆಲುಗು, ಇಂಗ್ಲಿಷು. ಕನ್ನಡ ಅಲ್ಲಿ ಮೂಲೆಯಲ್ಲಿ ಕುಳಿತ ನೆಂಟ. ಅಂಥ ಕಡೆ ಮೂವತ್ತು ವರ್ಷ ಕನ್ನಡ ಕಲಿಸಿದವರು ತಂದೆಯವರು. ಹಲಸೂರಿನ ಸೋಮೇಶ್ವರ ದೇವಾಲಯ, ಕೆರೆ, ಬೀದಿಗಳ ಹೆಸರು ಇವನ್ನು ಕುರಿತು 1962ರಲ್ಲಿ ಸ್ವಂತ ಖರ್ಚಿನಿಂದ ಒಂದು ಚಿಕ್ಕ ಪುಸ್ತಕವನ್ನೂ ಅಚ್ಚುಹಾಕಿಸಿದ್ದರು. ಆ ಪುಸ್ತಕದ ಹದಿನಾರು ಪುಟಗಳನ್ನು ನಾನು ಅಕ್ಷರಶಃ ಬೆರಳಚ್ಚಿಸಿ ‘ಹಲಸೂರು’ ಎಂಬ ಲೇಖನಕ್ಕೆ ಸೇರಿಸಿದೆ. ಅನಂತರ ತಂದೆಯವರ ಹೆಸರಿನಲ್ಲಿಯೇ ಹೊಸದೊಂದು ಲೇಖನವನ್ನು ಬರೆದೆ. ಮರುದಿನ ಬೆಳಗ್ಗೆ ನೋಡಿದರೆ ಎರಡೂ ಮಾಯ!

ನನಗೆ ರೇಗಿತು. ತೆಗೆದುಹಾಕಿದವನಿಗೆ ಖಾರವಾಗಿಯೇ ಬರೆದೆ. ಉತ್ತರ ಬಂದದ್ದು ಮಾತ್ರ ಬಲು ವಿನಯದಿಂದ. ಇಂದಿರಾನಗರದಲ್ಲಿ ಯಾವುದೋ ಕಂಪೆನಿಯ ಕೆಲಸ ಮಾಡಿಕೊಂಡು, ರಾತ್ರಿಯ ಹೊತ್ತು ಕನ್ನಡ ಲೇಖನಗಳನ್ನು ತಿದ್ದುವ ಹುಡುಗ. ಒಂದು ಭಾನುವಾರ ಅಲ್ಲಿಯ ಕಾಫಿ ಹೋಟೆಲೊಂದರಲ್ಲಿ ಭೇಟಿಯಾದೆವು.

“ಆ ಪುಸ್ತಕದ ಹಕ್ಕು ಯಾರದು, ಸರ್?” ಎಂದ.

“ನಮ್ಮ ತಂದೆಯವರದು. ಎಂದರೆ, ಈಗ ನನ್ನದು.”

“ನಿಮ್ಮೊಬ್ಬರದೇ?”

ನಾನು ಸುಮ್ಮನಾದೆ. ನನಗೊಬ್ಬ ಅಕ್ಕನೂ ಒಬ್ಬ ತಮ್ಮನೂ ಇದ್ದಾರೆಂಬುದು ಆಗ ನೆನಪಾಯಿತು.

1957ರ ಗ್ರಂಥಸ್ವಾಮ್ಯದ ಕಾನೂನಿನಂತೆ ಲೇಖಕನ ಹಕ್ಕು ಅವನು ತೀರಿಹೋದ ಮೇಲೂ ಐವತ್ತು ವರ್ಷ ಉಳಿಯುತ್ತಿತ್ತು. ರವೀಂದ್ರನಾಥ ಠಾಕೂರರು 1941ರಲ್ಲಿ ತೀರಿಕೊಂಡವರು. ಅವರ ಕೃತಿಗಳ ಹಕ್ಕು 1991ರ ಕೊನೆಗೆ ಮುಗಿಯುವುದಿತ್ತು. ಅದನ್ನು ಉಳಿಸುವ ಸಲುವಾಗಿ ಅವಧಿಯನ್ನು ಅರವತ್ತು ವರ್ಷಕ್ಕೆ ಏರಿಸಿದರು, ಮತ್ತು ಏರಿಸಿದ್ದು ಎಲ್ಲರಿಗೂ ಅನ್ವಯಿಸಿತು. ನನ್ನ ತಂದೆಯವರು ತೀರಿಕೊಂಡದ್ದು 1971ರಲ್ಲಿ. ಹಳೆಯ ಲೆಕ್ಕದಲ್ಲಿ ಅವರ ಪುಸ್ತಕ 2021ರ ಕೊನೆಗೆ ಸಾರ್ವಜನಿಕರ ಸ್ವತ್ತಾಗಬೇಕಿತ್ತು. ಹೊಸ ಲೆಕ್ಕದಲ್ಲಿ 2031ರ ಕೊನೆಯವರೆಗೆ ಕಾಯಬೇಕು. ಕವೀಂದ್ರರಿಗೂ ಹಲಸೂರಿನ ಪಂಡಿತರಿಗೂ ಇಂಥ ನಂಟು ಏರ್ಪಟ್ಟೀತೆಂದು ತಂದೆಯವರು ಕನಸಿನಲ್ಲಿಯೂ ಎಣಿಸಿರಲಾರರು.

“ನಾವು ವಾರಸುದಾರರು ಆಕ್ಷೇಪಿಸದಿದ್ದರೆ ಸಾಲದೆ?” ಎಂದು ಕೇಳಿದೆ. ಸಾಲದಂತೆ. ವಿಕಿಪೀಡಿಯ ತನ್ನಲ್ಲಿರುವ ಬರಹವನ್ನು ಬರಿದೆ ಓದಲು ಕೊಡುವುದಿಲ್ಲ. ಅದನ್ನು ಪ್ರತಿಮಾಡಲು, ಬದಲಾಯಿಸಲು, ಅಚ್ಚುಹಾಕಿ ಮಾರಲು ಸಹ ಲೋಕಕ್ಕೆಲ್ಲ ಅನುಮತಿ ಕೊಡುತ್ತದೆ. ಮೂಲದವರ ಹೆಸರನ್ನು ಹೇಳಬೇಕು, ಬದಲಾಯಿಸಿದ ಬರಹವನ್ನೂ ಅದೇ ಕರಾರಿನ ಮೇಲೆ ಬಿಟ್ಟುಕೊಡಬೇಕು, ಷರತ್ತು ಇಷ್ಟೆ. ಆದ್ದರಿಂದ ಇನ್ನೊಬ್ಬರ ಹಕ್ಕಿನ ಪುಟಗಳನ್ನು ಅಲ್ಲಿ ಸೇರಿಸುವವನು ತನ್ನದಲ್ಲದ್ದನ್ನು ದಾನಮಾಡಿದ ಹಾಗೆ. ಕೊಡುವವರು ಹೊಣೆಯರಿತು ಬರೆದುಕೊಟ್ಟರೆ ತೊಡಕಿಲ್ಲ. ಮೈಸೂರು ವಿಶ್ವವಿದ್ಯಾನಿಲಯ ತನ್ನ ವಿಶ್ವಕೋಶದ ಸಂಪುಟಗಳನ್ನು ಹೀಗೆ ಬಿಟ್ಟುಕೊಡಲು 2014ರಲ್ಲಿ ಒಪ್ಪಿತು. ನಿರಂಜನರ ಕೃತಿಗಳನ್ನು ಅವರ ಕುಟುಂಬದವರು ಬಿಟ್ಟುಕೊಟ್ಟಿದ್ದಾರೆ.

ಪುಸ್ತಕದಲ್ಲಿಯ ಸಂಗತಿಗಳಿಗೆ ಯಾರ ಸ್ವಾಮ್ಯವೂ ಇಲ್ಲ. ಅವನ್ನು ನನ್ನ ಮಾತಿನಲ್ಲಿ ಬರೆದು ಆಧಾರವನ್ನು ಸೂಚಿಸಬಹುದಿತ್ತು. ನನಗೆ ಅದು ತೋಚಲೇ ಇಲ್ಲ. ಏಕೆ ತೋಚಬೇಕು? ಮೂವತ್ತೈದು ವರ್ಷ ನೋಟ್ಸು ಬರೆಸಿದವನು ನಾನು. ಅದನ್ನು ಅಕ್ಷರ ತಪ್ಪದೆ ಒಪ್ಪಿಸಿದವನಿಗೆ ಹೆಚ್ಚು ಅಂಕ ಕೊಟ್ಟವನೂ ನಾನೇ. 2011ರಲ್ಲಿ ಪುಣೆಯ ಕಾಲೇಜು ವಿದ್ಯಾರ್ಥಿಗಳಿಂದ ಇಂಗ್ಲಿಷ್ ವಿಕಿಪೀಡಿಯಕ್ಕೆ ಬರೆಸುವ ದೊಡ್ಡ ಯೋಜನೆಯೊಂದು ನಡೆಯಿತಂತೆ. ಹುಡುಗರು ಪಠ್ಯಪುಸ್ತಕಗಳಿಂದ ಧಾರಾಳವಾಗಿ ಎತ್ತಿ ಬರೆದುದರಿಂದ ಅದೇ ವರ್ಷ ಅದನ್ನು ನಿಲ್ಲಿಸಬೇಕಾಯಿತು. ಆ ಹುಡುಗರನ್ನು ಬೈಯಲು ನನಗೆ ಬಾಯಿಲ್ಲ.

ಎರಡನೆಯ ಲೇಖನದ ದೋಷ ಬೇರೆ ಜಾತಿಯದು. ತನ್ನನ್ನು, ತನ್ನ ಮನೆಯವರನ್ನು, ತನಗೆ ಸಂಬಳ ಕೊಡುವವರನ್ನು ಕುರಿತು ತಾನೇ ಲೇಖನ ತಿದ್ದಬಾರದೆಂಬುದು ಅಲ್ಲಿಯ ಕಟ್ಟಳೆ. ಹಿತಾಸಕ್ತಿಯ ಸಂಘರ್ಷವೆಂದು ಇದರ ಹೆಸರು. ಕಟ್ಟಳೆ ಸುಮ್ಮನೆ ಹುಟ್ಟಿದ್ದಲ್ಲ. ಹೆಸರು ಹೇಳದೆ ಮಾಡಿದ ತಿದ್ದುಪಡಿಗಳು ಯಾವ ಕಚೇರಿಯ ಯಂತ್ರಗಳಿಂದ ಬಂದುವೆಂದು ತೋರಿಸುವ ಸಾಧನವೊಂದು 2007ರಲ್ಲಿ ಹೊರಬಂದಾಗ, ದೊಡ್ಡ ಸಂಸ್ಥೆಗಳೊಳಗಿಂದಲೇ ಆಯಾ ಸಂಸ್ಥೆಯ ಲೇಖನವನ್ನು ತಿದ್ದಿದ್ದುದು ಬಯಲಾಯಿತು. 2014ರಿಂದ, ಹಣ ಪಡೆದು ಬರೆಯುವವರು ಯಾರ ಹಣ, ಯಾರ ಪರ ಎಂಬುದನ್ನು ಬಹಿರಂಗಪಡಿಸಲೇಬೇಕು.

“ನಾನು ಯಾರ ದುಡ್ಡನ್ನೂ ಮುಟ್ಟಿಲ್ಲವಪ್ಪ” ಎಂದೆ.

“ಗೊತ್ತು ಸರ್. ಆದರೆ ನೋಡಿ,” ಎಂದು ಅವನು ನನ್ನ ಲೇಖನದ ಪ್ರತಿಯನ್ನು ಮುಂದಿಟ್ಟ. ‘ಪ್ರಾತಃಸ್ಮರಣೀಯ’ ಎರಡು ಕಡೆ, ‘ಅಪ್ರತಿಮ’ ನಾಲ್ಕು ಕಡೆ, ‘ನಿಷ್ಕಾಮಕರ್ಮಯೋಗಿ’ ಒಂದು ಕಡೆ. ಎಲ್ಲಕ್ಕೂ ಪೆನ್ಸಿಲಿನ ಗೆರೆ. ಅಭಿನಂದನ ಗ್ರಂಥಗಳಿಗೆ ಬರೆದು ಬರೆದು ಪಳಗಿದ ಕೈ ನನ್ನದು. ಆ ಶಬ್ದಗಳನ್ನು ಯಾವಾಗ ಬರೆದೆನೆಂಬುದೇ ನನಗೆ ತಿಳಿದಿರಲಿಲ್ಲ.

ಆದರೂ ನನ್ನದೊಂದು ವಾದವಿತ್ತು, ಈಗಲೂ ಇದೆ. ಇಂಗ್ಲಿಷಿನಲ್ಲಿ ಬರೆಯುವವರು ಲೋಕವೆಲ್ಲ ಇದ್ದಾರೆ. ಒಬ್ಬನ ವಿಷಯವನ್ನು ಬರೆಯಲು ಪರಿಚಯವಿಲ್ಲದ ಹತ್ತು ಜನ ಸಿಕ್ಕಾರು. ದಂಡಿನಲ್ಲಿ ಕನ್ನಡ ಕಲಿಸಿದ ಪಂಡಿತನನ್ನು ಬಲ್ಲವರು ಯಾರು? ಅವನ ಮಕ್ಕಳು, ಶಿಷ್ಯರು. ತಿಳಿದವರೆಲ್ಲ ಬೇಕಾದವರೇ, ಬೇಡದವರಿಗೆ ತಿಳಿದೇ ಇಲ್ಲ. ಈ ಕಟ್ಟಳೆಯನ್ನು ಹಿಡಿದು ಕೂತರೆ ಅಂಥವರ ಸುದ್ದಿಯೇ ಅಳಿಸಿಹೋಗದೆ?

ಹುಡುಗ ಸ್ವಲ್ಪ ಹೊತ್ತು ಯೋಚಿಸಿದ. “ಮಾತನಾಡಬೇಡಿ ಎಂದು ಯಾರೂ ಹೇಳುವುದಿಲ್ಲ, ಸರ್. ಚರ್ಚಾಪುಟದಲ್ಲಿ ಬರೆಯಿರಿ. ಮಗನೆಂಬುದನ್ನು ಮೊದಲ ಸಾಲಿನಲ್ಲಿಯೇ ಹೇಳಿಬಿಡಿ. ಅಚ್ಚಾದ ಆಧಾರ ಎಲ್ಲಿದೆ ತೋರಿಸಿ. ಲೇಖನವನ್ನು ನಾನೋ ಇನ್ನೊಬ್ಬರೋ ಬರೆಯುತ್ತೇವೆ.” ಅಚ್ಚಿನ ಭಾಗ್ಯ ಕಾಣದವರ ಗತಿಯೇನೆಂಬ ಪ್ರಶ್ನೆಗೆ ಮಾತ್ರ ಅವನಲ್ಲಿ ಉತ್ತರವಿರಲಿಲ್ಲ.

ಪುಸ್ತಕವನ್ನಾದರೂ ಬಿಡುಗಡೆ ಮಾಡೋಣವೆಂದು ಹಲಸೂರಿನಲ್ಲಿ ಮೆಟ್ರೊ ಹತ್ತಿ ಕೃಷ್ಣರಾಜಪುರದ ಅಕ್ಕನ ಮನೆಗೆ ಹೋದೆ. ಅಕ್ಕ ಪತ್ರವನ್ನು ಎರಡು ಸಲ ಓದಿದಳು.

“ಯಾರು ಬೇಕಾದರೂ ಅಚ್ಚುಹಾಕಿ ಮಾರಿಕೊಳ್ಳಬಹುದೇನೋ?”

“ಮಾರಿಕೊಳ್ಳಬಹುದು, ಅಕ್ಕ. ಅಪ್ಪನ ಹೆಸರನ್ನು ಮಾತ್ರ ಬಿಡುವಂತಿಲ್ಲ.”

“ಅಪ್ಪನೇ ಮುನ್ನೂರು ಪ್ರತಿಯಲ್ಲಿ ಇನ್ನೂರನ್ನು ಹಂಚಿಬಿಟ್ಟಿದ್ದರು,” ಎಂದು ಒಳಗೆ ಹೋಗಿ ಟ್ರಂಕಿನಿಂದ ಒಂದು ಪ್ರತಿಯನ್ನು ತಂದಳು. ಅದು ತಂದೆಯವರು ಕೈಯಲ್ಲಿಟ್ಟುಕೊಂಡಿದ್ದ ಪ್ರತಿ. ನಾನು ಎಂದೂ ನೋಡಿರಲಿಲ್ಲ. ಹಲಸಿನ ತೋಪು ಇದ್ದುದರಿಂದ ಊರಿಗೆ ಹಲಸೂರೆಂಬ ಹೆಸರು ಬಂತೆಂದು ಎಲ್ಲರೂ ಹೇಳುವ ಮಾತನ್ನು ಪುಸ್ತಕದಲ್ಲಿ ಅವರು ನಿಸ್ಸಂದೇಹವಾಗಿ ಬರೆದಿದ್ದರು. ನಾನೂ ಹಾಗೆಯೇ ಎತ್ತಿ ಹಾಕಿದ್ದೆ. ಅಕ್ಕನ ಪ್ರತಿಯಲ್ಲಿ ಆ ಸಾಲಿನ ಪಕ್ಕದಲ್ಲಿ, ಪಾಠಪುಸ್ತಕಗಳನ್ನು ತಿದ್ದುತ್ತಿದ್ದ ಅದೇ ಕೆಂಪು ಮಸಿಯಲ್ಲಿ, ಅವರ ಕೈಬರಹದಲ್ಲಿ ಒಂದೇ ಪದ: ‘ಆಧಾರ?’

ಅಕ್ಕ ರುಜು ಹಾಕಿದಳು. ತಮ್ಮನ ರುಜು ಅಂಚೆಯಲ್ಲಿ ಬಂತು. ಪುಸ್ತಕ ಈಗ ಓದಲು ಎಲ್ಲರಿಗೂ ಸಿಗುತ್ತದೆ. ತಂದೆಯವರನ್ನು ಕುರಿತ ಲೇಖನ ಮಾತ್ರ ಇನ್ನೂ ಆಗಿಲ್ಲ. ಆಧಾರಕ್ಕೆಂದು ಹುಡುಕಿದಾಗ ಅವರ ವಿಷಯವಾಗಿ ಅಚ್ಚಾದ ಬರಹ ಒಂದೇ ಒಂದು ಸಿಕ್ಕಿತು: ಶಾಲೆಯ ಹಳೆಯ ಸಂಚಿಕೆಯೊಂದರಲ್ಲಿ ಎರಡು ಪುಟ. ಬರೆದವನು ನಾನೇ.