ಒತ್ತಕ್ಷರ ಕಾಯುವ ಕಪ್ಪು

ಗದಗ-ಬೆಟಗೇರಿ ಮುದ್ರಣಕ್ಕೆ ಹೆಸರಾದ ಅವಳಿ ಊರು. ಅಲ್ಲಿನ ದೊಡ್ಡ ಪ್ರೆಸ್ಸುಗಳ ಬಗ್ಗೆ ಬರೆದವರು ಬಹಳ ಮಂದಿ. ನಾನು ಹುಡುಕಿಕೊಂಡು ಹೋದದ್ದು ಒಂದೇ ಕೋಣೆಯ ಸ್ಕ್ರೀನ್ ಪ್ರಿಂಟಿಂಗ್ ಅಂಗಡಿಯನ್ನು. ಎಪ್ಪತ್ತು ದಾಟಿದ ಅದರ ಯಜಮಾನರನ್ನು ಓಣಿಯವರೆಲ್ಲ ‘ಕಾಕಾ’ ಎನ್ನುತ್ತಾರೆ. ಸ್ಕ್ರೀನಿಗೆ ಬೇಕಾದ ಪಾರದರ್ಶಕ ಫಿಲ್ಮ್ ತೆಗೆಯಲು ಇಂಕ್‌ಜೆಟ್ ಪ್ರಿಂಟರ್ ಕೊಳ್ಳುವ ಸುತ್ತಲಿನ ಮುದ್ರಕರು ಮೊದಲು ಕಾಕಾರ ಸಲಹೆ ಕೇಳುತ್ತಾರೆ. ಕಾಕಾ ಯಂತ್ರದ ಬೆಲೆ, ವೇಗ ಏನನ್ನೂ ವಿಚಾರಿಸುವುದಿಲ್ಲ. ಫಿಲ್ಮಿನ ಮೇಲೆ ಒಂದೇ ಸಾಲು ತೆಗೆಸುತ್ತಾರೆ: ‘ಶ್ರೀ ಲಕ್ಷ್ಮೀ ಪ್ರಸನ್ನ’. ಅಕ್ಷರ ಎಂಟು ಪಾಯಿಂಟ್, ಅಷ್ಟೇ.

ಭೂತಗನ್ನಡಿ ಹಿಡಿದು ಅವರು ನೋಡುವುದು ‘ಕ್ಷ್ಮೀ’ಯನ್ನು. ಕಕಾರಕ್ಕೆ ಷಕಾರದ ಒತ್ತು, ಅದರ ಮಗ್ಗುಲಿಗೆ ಮಕಾರದ ಒತ್ತು. ಎರಡರ ಒಳಗೂ ಸಾಸಿವೆಗಿಂತ ಸಣ್ಣ ಬಯಲು. “ಒತ್ತಿನ ಹೊಟ್ಟಿ ತೆರದಿರಬೇಕ್ರಿ. ಅದು ಮುಚ್ಚಿದ್ರ, ಉಳದದ್ದು ಎಷ್ಟ ಚಂದ ಬಂದ್ರೂ ನಡಿಯಾಂಗಿಲ್ಲ” ಎಂದರು.

ಈ ಹಟಕ್ಕೆ ಗಟ್ಟಿ ಕಾರಣವಿದೆ. ಚೌಕಟ್ಟಿಗೆ ಬಿಗಿದ ಬಟ್ಟೆಗೆ ಬೆಳಕಿಗೆ ಗಟ್ಟಿಯಾಗುವ ಎಮಲ್ಷನ್ ಹಚ್ಚಿ, ಒಣಗಿಸಿ, ಅದರ ಮೇಲೆ ಫಿಲ್ಮ್ ಇಟ್ಟು ಬೆಳಕು ಕೊಡುತ್ತಾರೆ. ಇದೇ ಎಕ್ಸ್‌ಪೋಸ್. ಬೆಳಕು ಬಿದ್ದಲ್ಲಿ ಎಮಲ್ಷನ್ ಗಟ್ಟಿಯಾಗುತ್ತದೆ. ಫಿಲ್ಮಿನ ಕಪ್ಪು ಬೆಳಕನ್ನು ತಡೆದಲ್ಲಿ ಎಮಲ್ಷನ್ ನೀರಿಗೆ ತೊಳೆದುಹೋಗಿ, ಆ ಕಿಂಡಿಯಲ್ಲಿ ಶಾಯಿ ಇಳಿಯುತ್ತದೆ. ಕಪ್ಪು ತೆಳುವಾಗಿದ್ದರೆ ಬೆಳಕು ಸೋರಿ ಅಕ್ಷರದ ಸಣ್ಣ ಗೆರೆಗಳೇ ಕಟ್ಟಿಕೊಳ್ಳುತ್ತವೆ. ಸೋರುವುದೆಂದು ಬೆಳಕು ಕಡಿಮೆ ಕೊಟ್ಟರೆ ಎಮಲ್ಷನ್ ಪೂರ್ತಿ ಗಟ್ಟಿಯಾಗದೆ, ಒತ್ತಿನ ಹೊಟ್ಟೆಯಲ್ಲಿ ಉಳಿಯಬೇಕಾದ ಪುಟ್ಟ ಚೂರು ನೀರಿನೊಂದಿಗೆ ಕಿತ್ತುಹೋಗುತ್ತದೆ. ಇನ್ನು ಪ್ರಿಂಟರ್ ಶಾಯಿಯನ್ನು ವಿಪರೀತ ಸುರಿದರೆ ಅದು ಫಿಲ್ಮಿನ ಮೇಲೇ ಹರಡಿ ಹೊಟ್ಟೆ ತುಂಬಿಬಿಡುತ್ತದೆ. ಕನ್ನಡದ ಒತ್ತು ಈ ಮೂರೂ ಅಪಾಯಗಳ ನಡುವೆ ಬದುಕಬೇಕು.

ಇತಿಹಾಸವನ್ನು ಕಾಕಾ ಚಹಾ ಕುಡಿಯುತ್ತಲೇ ಮುಗಿಸಿದರು. ರೇಷ್ಮೆ ಬಟ್ಟೆಯ ಮೂಲಕ ಮುದ್ರಿಸುವ ವಿಧಾನಕ್ಕೆ ಮ್ಯಾಂಚೆಸ್ಟರಿನ ಸ್ಯಾಮ್ಯುಯಲ್ ಸೈಮನ್ 1907ರಲ್ಲಿ ಪೇಟೆಂಟ್ ಪಡೆದ. ಕಾಕಾರ ಯೌವನದಲ್ಲಿ ಪಾಸಿಟಿವ್, ಅಂದರೆ ಸ್ಕ್ರೀನಿನ ಮೇಲಿಡುವ ಫಿಲ್ಮ್, ಬೇಕೆಂದರೆ ಹುಬ್ಬಳ್ಳಿ ಬಸ್ಸು ಹತ್ತಬೇಕಿತ್ತು. ಕತ್ತಲೆ ಕೋಣೆಯಲ್ಲಿ ಕ್ಯಾಮೆರಾದಿಂದ ಲಿತ್ ಫಿಲ್ಮ್ ತೆಗೆದುಕೊಡುತ್ತಿದ್ದರು. ಆಮೇಲೆ ಬಂದದ್ದು ಲೇಸರ್ ಪ್ರಿಂಟರ್. ಬಟರ್ ಪೇಪರಿನ ಮೇಲೆ ಪ್ರಿಂಟ್ ತೆಗೆದು, ಎಣ್ಣೆ ಸವರಿ ಪಾರದರ್ಶಕ ಮಾಡುವ ಉಪಾಯ ಇಂದಿಗೂ ಸಣ್ಣ ಊರುಗಳಲ್ಲಿದೆ. ಲೇಸರಿನ ಕಪ್ಪು ಸಾಲದು. ಅದರ ಬಿಸಿಗೆ ಫಿಲ್ಮ್ ಚೂರು ಕುಗ್ಗಿದರೆ ನಾಲ್ಕು ಬಣ್ಣದ ಕೆಲಸದಲ್ಲಿ ಬಣ್ಣಗಳು ಒಂದರ ಮೇಲೊಂದು ಕೂರುವುದಿಲ್ಲ.

ಇಂಕ್‌ಜೆಟ್‌ನಲ್ಲಿ ಆ ಬಿಸಿಯ ಕಾಟವಿಲ್ಲ. ಕಾಕಾರ ಮೇಜಿನ ಮೇಲಿರುವುದು ಎಪ್ಸನ್ ಎಲ್1800. ಶಾಯಿ ತುಂಬುವ ಟ್ಯಾಂಕಿನದು, 13×19 ಇಂಚಿನ ಹಾಳೆ ಹಿಡಿಯುತ್ತದೆ. ಲಗ್ನಪತ್ರಿಕೆಗಷ್ಟೇ ಆದರೆ ಎ4 ಸಾಕು. ಟೀ ಶರ್ಟು, ಬಟ್ಟೆ ಚೀಲ ಮಾಡುವವರು ದೊಡ್ಡದನ್ನೇ ಕೊಳ್ಳಬೇಕೆಂಬುದು ಅವರ ಮಾತು. ಫಿಲ್ಮ್ ಮಾತ್ರ ಇಂಕ್‌ಜೆಟ್ಟಿನದೇ ಬೇಕು. ಅದರ ಒಂದು ಮೈಗೆ ಶಾಯಿ ಹೀರುವ ಲೇಪವಿರುತ್ತದೆ. ಒದ್ದೆ ಬೆರಳು ತಾಗಿಸಿದರೆ ಅಂಟುವ ಮೈಯೇ ಪ್ರಿಂಟಿನ ಮೈ. ಸೆಟ್ಟಿಂಗಿನಲ್ಲಿ ಗ್ಲಾಸಿ ಫೋಟೋ ಪೇಪರ್ ಆಯ್ದು, ಗುಣಮಟ್ಟ ಏರಿಸಿ, ಹೈಸ್ಪೀಡ್ ತೆಗೆದುಹಾಕಬೇಕು. ಹೈಸ್ಪೀಡ್ ಇದ್ದರೆ ಹೆಡ್ ಹೋಗುವಾಗಲೂ ಬರುವಾಗಲೂ ಶಾಯಿ ಬಿಡುವುದರಿಂದ ಗೆರೆ ಇಬ್ಬಾಗವಾಗಬಹುದು. ಒಳ್ಳೆಯ ಕಪ್ಪಿನ ಸಾಂದ್ರತೆ 3 ಇರಬೇಕು, ಅಂದರೆ ಸಾವಿರದಲ್ಲಿ ಒಂದು ಪಾಲು ಬೆಳಕಷ್ಟೇ ದಾಟಬೇಕು. ಫೋಟೋ ಮುದ್ರಿಸುವವರಿಗೆ ಛಾಯೆಗಳನ್ನು ಚುಕ್ಕೆಗಳಾಗಿ ಒಡೆಯುವ ರಿಪ್ ತಂತ್ರಾಂಶವೂ ಬೇಕಾಗುತ್ತದೆ. ಕಾಕಾ ಅದರ ಗೋಜಿಗೆ ಹೋಗಿಲ್ಲ. ಅವರದು ಅಕ್ಷರದ ಕೆಲಸ. ಕೋರೆಲ್‌ಡ್ರಾದಲ್ಲಿ ಅಕ್ಷರಗಳನ್ನು ಕರ್ವ್ಸ್, ಅಂದರೆ ಫಾಂಟ್ ಬೇಡದ ಆಕೃತಿಗಳಾಗಿ, ಮಾಡದೆ ಫೈಲು ತಂದವರನ್ನು ಮಾತ್ರ ಹಾಗೇ ವಾಪಸ್ ಕಳಿಸುತ್ತಾರೆ. ಬೇರೆ ಕಂಪ್ಯೂಟರಿನಲ್ಲಿ ಫಾಂಟ್ ಸಿಗದಿದ್ದರೆ ಒತ್ತುಗಳು ಎಲ್ಲೆಲ್ಲೋ ಹೋಗಿ ಕೂರುತ್ತವೆ.

ಎಕ್ಸ್‌ಪೋಸ್ ಮಾಡುವಾಗ ಶಾಯಿಯ ಮೈ ಎಮಲ್ಷನ್ನಿಗೆ ತಾಗಿರಬೇಕು. ಮೇಲೆ ದಪ್ಪ ಗಾಜು. ನಡುವೆ ಕೂದಲೆಳೆಯಷ್ಟು ಸಂದು ಉಳಿದರೂ ಬೆಳಕು ಓರೆಯಾಗಿ ನುಗ್ಗಿ ಸಣ್ಣ ಗೆರೆಯನ್ನು ತಿನ್ನುತ್ತದೆ.

ಗದಗಿನ ಬೇಸಿಗೆಯ ಒಣಗಾಳಿಗೆ ಹೆಡ್ಡಿನ ರಂಧ್ರದಲ್ಲೇ ಶಾಯಿ ಒಣಗುತ್ತದೆ. ಕೆಲಸವಿಲ್ಲದ ವಾರಗಳಲ್ಲೂ ಕಾಕಾ ರಂಧ್ರಗಳು ತೆರೆದಿವೆಯೇ ಎಂದು ನೋಡುವ ನಾಝಲ್ ಚೆಕ್ ತೆಗೆಯುತ್ತಾರೆ. ಮಲೆನಾಡಿನ ಮಳೆಗಾಲದಲ್ಲಿ ಇದರ ತಿರುವುಮುರುವು: ಫಿಲ್ಮೇ ಒಣಗದು, ಹೇರ್ ಡ್ರೈಯರ್ ಹಿಡಿಯಬೇಕು.

ಈಚೆಗೆ ಕೆಲಸವಿಲ್ಲದ ವಾರಗಳೇ ಹೆಚ್ಚು. ಲಗ್ನಪತ್ರಿಕೆ ವಾಟ್ಸಾಪಿಗೆ ಹೋಗಿದೆ. ಅಂಗಡಿ ನಡೆಯುತ್ತಿರುವುದು ಬಟ್ಟೆ ಚೀಲಗಳಿಂದ. ಆದರೂ ಕಾಕಾ ಒಂದು ಕೆಲಸ ಹಿಡಿದಿದ್ದಾರೆ. ಎಷ್ಟು ಹೊತ್ತು ಬೆಳಕು ಕೊಡಬೇಕೆಂದು ತಿಳಿಯಲು ಬಳಸುವ, ನಾನು ನೋಡಿದ ಎಕ್ಸ್‌ಪೋಸರ್ ಪರೀಕ್ಷಾ ಹಾಳೆಗಳಲ್ಲಿದ್ದದ್ದು ರೋಮನ್ ಅಕ್ಷರ, ಗೆರೆ, ಚುಕ್ಕೆ. ಕನ್ನಡದ ಎಲ್ಲ ಒತ್ತುಗಳನ್ನೂ ಆರರಿಂದ ಹನ್ನೆರಡು ಪಾಯಿಂಟ್‌ವರೆಗೆ ಜೋಡಿಸಿದ ಹಾಳೆಯೊಂದನ್ನು ಮಾಡಿ, ಕೇಳಿದ ಮುದ್ರಕರಿಗೆಲ್ಲ ಪುಕ್ಕಟೆ ಹಂಚಬೇಕೆಂಬುದು ಅವರ ಆಸೆ. ಇಂಥದ್ದನ್ನು ನಮ್ಮ ಮುದ್ರಣ ತರಬೇತಿ ಕೇಂದ್ರಗಳು ಎಂದೋ ಮಾಡಬೇಕಿತ್ತು. ಯಕಾರದ ಒತ್ತಿನವರೆಗೆ ಜೋಡಣೆ ಬಂದು ನಿಂತಿದೆ. ಕಂಪ್ಯೂಟರಿಗೆ ಕೂರುತ್ತಿದ್ದ ಹುಡುಗ ಹುಬ್ಬಳ್ಳಿಯ ಫ್ಲೆಕ್ಸ್ ಅಂಗಡಿ ಸೇರಿದ್ದಾನೆ. ಅವನ ಜಾಗಕ್ಕೆ ಇನ್ನೂ ಯಾರೂ ಬಂದಿಲ್ಲ.