ರಾಗಿಕಾಳು ತೂರದ ದಾರಿ

ಚನ್ನಗಿರಿಯ ಅಡಿಕೆ ಅಂಗಳದಲ್ಲಿ, ಜಗಳೂರಿನ ಮೆಕ್ಕೆಜೋಳದ ಚೀಲಗಳ ಸಂದಿಯಲ್ಲಿ ಇಲಿ ಹಿಡಿಯುವ ಬೆಕ್ಕು ಮನೆಯ ಆಳಿದ್ದಂತೆ. ಅಂಥ ಗಂಡು ಬೆಕ್ಕು ಮೂಲೆಯಲ್ಲಿ ಕುಕ್ಕರಿಸಿ ಮತ್ತೆ ಮತ್ತೆ ತಿಣುಕುತ್ತಿದ್ದರೆ ಮಲಬದ್ಧತೆ ಇರಬೇಕೆಂದು ಹರಳೆಣ್ಣೆ ಹುಡುಕುವವರಿದ್ದಾರೆ. ಆದರೆ ಕಟ್ಟಿರುವುದು ಉಚ್ಚೆಯಾಗಿದ್ದರೆ, ಹಾಗೆ ಕಳೆದ ಒಂದು ದಿನವೇ ಅದರ ಪ್ರಾಣಕ್ಕೆ ಎರವಾಗಬಹುದು.

ಹೆಣ್ಣು ಬೆಕ್ಕಿನ ಮೂತ್ರನಾಳ ಗಿಡ್ಡ, ಅಗಲ. ಗಂಡಿನದು ಉದ್ದ, ಶಿಶ್ನದೊಳಗೆ ಬರುವಾಗ ಅದರ ಒಳಅಗಲ ಸುಮಾರು 0.7 ಮಿ.ಮೀ.ಗೆ ಇಳಿಯುತ್ತದೆ. ಒಂದು ರಾಗಿಕಾಳೂ ಅಲ್ಲಿ ತೂರದು. ಉರಿಯೂತವಾದ ಮೂತ್ರಕೋಶದ ಲೋಳೆಯೂ ಮೆಗ್ನೀಸಿಯಂ, ಅಮೋನಿಯಂ, ಫಾಸ್ಫೇಟ್ ಸೇರಿ ಆದ ಮರಳಿನಂಥ ಹರಳೂ ಬೆರೆತು ಅಲ್ಲಿ ಬಿರಡೆಯಾಗುತ್ತವೆ. ಕೆಲವು ಬೆಕ್ಕುಗಳಲ್ಲಿ ಹರಳೇ ಇರುವುದಿಲ್ಲ, ನಾಳ ಬಿಗಿದುಕೊಂಡೇ ದಾರಿ ಮುಚ್ಚುತ್ತದೆ. ತಿನ್ನುವ ಆಹಾರಕ್ಕೂ ಇದಕ್ಕೂ ನಂಟಿದೆ. ಇಲಿಯ ಮೈಯಲ್ಲಿ ಮೂರರಲ್ಲಿ ಎರಡು ಪಾಲು ನೀರು. ಪೊಟ್ಟಣದ ಒಣ ಆಹಾರದಲ್ಲಿ ಹತ್ತರಲ್ಲೊಂದು ಪಾಲು. ಮರುಭೂಮಿಯ ಕಾಡುಬೆಕ್ಕಿನ ಸಂತತಿಯಾದ ಸಾಕುಬೆಕ್ಕಿಗೆ ಬಾಯಾರಿಕೆ ಕಡಿಮೆ. ಒಣ ಆಹಾರವನ್ನಷ್ಟೇ ತಿಂದರೆ ಉಚ್ಚೆ ಮಂದವಾಗುತ್ತದೆ.

ಉಚ್ಚೆ ನಿಂತಾಗ ಹೊಟ್ಟೆಯಡಿ ನಿಂಬೆಹಣ್ಣಿನಂಥ ಗಟ್ಟಿ ಗಂಟು ಕೈಗೆ ಸಿಗುತ್ತದೆ. ಅದನ್ನು ಒತ್ತಬಾರದು, ಮೂತ್ರಕೋಶ ಒಡೆದೀತು. ಹೊರಹೋಗಬೇಕಾದ ಪೊಟ್ಯಾಸಿಯಂ ರಕ್ತದಲ್ಲಿ ಏರುತ್ತಾ ಹೋಗಿ ಹೃದಯದ ಬಡಿತವನ್ನೇ ತಗ್ಗಿಸುತ್ತದೆ. ಪೂರ್ತಿ ಕಟ್ಟಿದರೆ ಎರಡು ಮೂರು ದಿನದಲ್ಲಿ ಸಾವು.

ವೈದ್ಯರು ಮೊದಲು ಸಲೈನ್ ಕೊಟ್ಟು ಹೃದಯವನ್ನು ಉಳಿಸಿಕೊಂಡು, ಅರಿವಳಿಕೆಯಲ್ಲಿ ಸಣ್ಣ ಕೊಳವೆ ತೂರಿಸಿ ಬಿರಡೆಯನ್ನು ಹಿಂದಕ್ಕೆ ತೊಳೆಯುತ್ತಾರೆ. ಹಲವು ಬೆಕ್ಕುಗಳಿಗೆ ಇಷ್ಟೇ ಸಾಕು. ಮತ್ತೆ ಮತ್ತೆ ಕಟ್ಟಿಕೊಂಡರೆ, ಅಥವಾ ಕೊಳವೆಯೇ ಹೋಗದಿದ್ದರೆ, ಶಸ್ತ್ರಚಿಕಿತ್ಸೆ.

ಇದಕ್ಕೆ ಪಶುವೈದ್ಯರಾದ ವಿಲ್ಸನ್ ಮತ್ತು ಹ್ಯಾರಿಸನ್ 1971ರಲ್ಲಿ ವಿವರಿಸಿದ ವಿಧಾನವೇ ಇಂದಿಗೂ ಆಧಾರ. ಶಿಶ್ನವನ್ನು ಶ್ರೋಣಿ ಮೂಳೆಗೆ ಹಿಡಿದಿಟ್ಟ ಸ್ನಾಯುಗಳನ್ನು ಬಿಡಿಸಿ, ನಾಳವನ್ನು ಒಳಗಿನ ಗ್ರಂಥಿಗಳ ಮಟ್ಟದವರೆಗೆ ಸೀಳುತ್ತಾರೆ. ಅಲ್ಲಿ ಒಳಅಗಲ ಸುಮಾರು 1.3 ಮಿ.ಮೀ. ಆ ಅಗಲದ ಅಂಚನ್ನು ನವಿರಾದ ದಾರದಿಂದ ಚರ್ಮಕ್ಕೆ ಹೊಲಿದು, ಕಿರಿದಾದ ತುದಿಯನ್ನು ಕತ್ತರಿಸಿ ತೆಗೆಯುತ್ತಾರೆ. ಬೀಜ ತೆಗೆಸಿರದಿದ್ದರೆ ಆಗಲೇ ತೆಗೆಯುತ್ತಾರೆ. ಗಂಡು ಬೆಕ್ಕಿಗೆ ಹೆಣ್ಣಿನ ದಾರಿ ಸಿಕ್ಕಂತೆ. ನನಗೆ ಈ ಕೆಲಸದಲ್ಲಿ ಅತಿ ಮುಖ್ಯವೆನಿಸುವುದು ಆ ಬಿಡಿಸುವ ಹಂತ: ಸ್ನಾಯು ಪೂರ್ತಿ ಬಿಡಿಸದೆ ಕಿರಿದಾದ ಭಾಗದಲ್ಲೇ ಹೊಲಿದರೆ ಗಾಯ ಮಾಯುವಾಗ ದಾರಿ ಮತ್ತೆ ಕುಗ್ಗುತ್ತದೆ. ಹರಳು ಹುಟ್ಟುವುದನ್ನು ಈ ಶಸ್ತ್ರಚಿಕಿತ್ಸೆ ನಿಲ್ಲಿಸದು. ಹಸಿ ಆಹಾರ, ನೀರು ಮುಂದೆಯೂ ಬೇಕು. ಸೋಂಕಿನ ಭಯ ಹೆಚ್ಚುವುದರಿಂದ ಉಚ್ಚೆ ಪರೀಕ್ಷೆಯೂ ಬೇಕು.

ಜಗಳೂರಿನ ಟಗರು ಸಾಕುವವರಿಗೆ ಈ ಕಥೆ ಹೊಸದಲ್ಲ. ಕಾಳು ಹೆಚ್ಚು ತಿಂದ ಟಗರಿನ ಉಚ್ಚೆಯಲ್ಲೂ ಫಾಸ್ಫೇಟ್ ಹರಳಾಗಿ, ಶಿಶ್ನದ ತುದಿಯ ಹುಳುವಿನಂಥ ಎಳೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಆ ಎಳೆಯನ್ನು ಕತ್ತರಿಸಿದೊಡನೆ ಕೆಲವಕ್ಕೆ ಉಚ್ಚೆ ಬಿಡುತ್ತದೆ. ಬೆಕ್ಕಿಗೆ ಅಷ್ಟು ಸುಲಭದ ದಾರಿಯಿಲ್ಲ. ಅದರ ಚಿಕಿತ್ಸೆಗೆ ಹೊನ್ನಾಳಿ, ನ್ಯಾಮತಿಯವರಿಗೆ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜು ಹತ್ತಿರ. ಜಗಳೂರಿನಿಂದ ಅದು ನೂರು ಕಿ.ಮೀ.ಗೂ ಆಚೆ. ಅಷ್ಟು ದೂರ ಹೊರಡುವ ಮೊದಲು ಊರಿನ ಪಶು ಆಸ್ಪತ್ರೆಯಲ್ಲಿ ಸೂಜಿಯಿಂದ ಮೂತ್ರಕೋಶವನ್ನು ಒಮ್ಮೆ ಖಾಲಿ ಮಾಡಿಸಿದರೆ ಬೆಕ್ಕಿಗೆ ಕೆಲವು ಗಂಟೆಗಳು ಸಿಗುತ್ತವೆ.